ಬೂಟು ಬಿಚ್ಚಿ ಹಾಡುವ ನುಡಿ

ಆರನೇ ಸಲವೂ ಹಾಡು ಅಲ್ಲಿಗೇ ಬಂದು ತಿರುಗಿಕೊಂಡಿತು.

‘ಬಾಗಿಲ ಕಾಯೋನ ಕೈಯಾಗ ಬೀಗದಕೈ ಇಲ್ಲ, ಒಳಗಿರೋ ಧಣಿಗೆ ಬಾಗಿಲೇ ಇಲ್ಲ.’ ಆಮೇಲೆ ಏಕತಾರಿ ಒಂದು ಸುತ್ತು. ಆಮೇಲೆ ಎದೆಗೆ ಗುದ್ದಿದ ಹಾಗೆ ಬೇಸು. ಮತ್ತೆ ‘ಬಾಗಿಲ ಕಾಯೋನ’. ಐಟಿ ಪಾರ್ಕಿನ ಬಯಲು ರಂಗಮಂದಿರದಲ್ಲಿ, ಉರಿಯುವ ಬಿಸಿಲಲ್ಲಿ ಮಂಡಿಯೂರಿ ಕೇಬಲ್ಲಿಗೆ ಟೇಪು ಅಂಟಿಸುತ್ತಿದ್ದ ಮಲ್ಲಿಕ್‌ಗೆ ಅದು ಯಾರ ದನಿ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅವನ ಅಪ್ಪನದು.

ವೇದಿಕೆಯ ಹಿಂದೆ ಮೂರಾಳೆತ್ತರದ ಬ್ಯಾನರು. ಅದರಲ್ಲೂ ಅಪ್ಪನೇ. ಸೆಕ್ಯುರಿಟಿ ಟೋಪಿ ತೆಗೆಸಿ, ತಲೆಗೆ ಯಾರದೋ ಶಾಲು ಸುತ್ತಿಸಿ ತೆಗೆದ ಫೋಟೊ. ಕೆಳಗೆ ಇಂಗ್ಲಿಷಿನಲ್ಲಿ ‘ದಖ್ಖನಿನ ಅನಾಮಿಕ ಫಕೀರ’ ಅಂತ ಬರೆದಿತ್ತು. ಫೋಟೊ ತೆಗೆದ ದಿನ ಅಪ್ಪನ ಕೊರಳಲ್ಲಿ ಗುರುತಿನ ಕಾರ್ಡು ನೇತಾಡುತ್ತಿತ್ತು. ಈರಣ್ಣ ಅಂತ ದಪ್ಪ ಅಕ್ಷರದಲ್ಲಿ ಹೆಸರಿತ್ತು. ಫೋಟೊವನ್ನು ಗದ್ದದ ಹತ್ತಿರವೇ ಕತ್ತರಿಸಿದ್ದರು. ಅನಾಮಿಕನಂತೆ.

ಲ್ಯಾಪ್‌ಟಾಪಿನ ಮುಂದೆ ತಲೆ ಕುಣಿಸುತ್ತ ನಿಂತಿದ್ದವನು ಋಷಿಕೇಶ್. ಸಂಜೆಯ ಷೋ ಅವನದು. ಅವನ ಅಜ್ಜ ಇದೇ ಊರಿನ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಇವನು ಹುಟ್ಟಿ ಬೆಳೆದದ್ದು ಟೊರಾಂಟೊದಲ್ಲಿ. ಎರಡು ವರ್ಷದ ಹಿಂದೆ ಇದೇ ಪಾರ್ಕಿಗೆ ಯಾರನ್ನೋ ನೋಡಲು ಬಂದವನು, ಗೇಟಿನಲ್ಲಿ ಗುನುಗುತ್ತಿದ್ದ ಅಪ್ಪನನ್ನು ಕೇಳಿ ಅಲ್ಲೇ ನಿಂತಿದ್ದ. ಅಪ್ಪನ ಟೀ ಹೊತ್ತಿಗೆ ಜನರೇಟರ್ ರೂಮಿನ ಹಿಂದೆ ಮೈಕು ಹಿಡಿದ. ಹತ್ತಿರದ ಪಟ್ಟಂದೂರು ಅಗ್ರಹಾರದ ತಮ್ಮ ರೂಮಿನಿಂದ ಏಕತಾರಿ ಹಿಡಿದುಕೊಂಡು ಓಡಿ ಬಂದವನು ಮಲ್ಲಿಕ್.

ಅಪ್ಪ ಹಾಡಿದ. ಕೊನೆಯ ನುಡಿಗೆ ಬಂದು ನಿಲ್ಲಿಸಿದ.

“ಕಡೀ ನುಡಿಯಾಗ ಗುರುವಿನ ಹೆಸರು ಬರ್ತದ್ರಿ. ಬೂಟು ಹಾಕ್ಕೊಂಡು ಆ ಹೆಸರು ತಗೀಬಾರದು. ಡ್ಯೂಟಿಯಾಗ ಬೂಟು ಬಿಚ್ಚಂಗಿಲ್ಲ. ಬೇಸ್ತವಾರ ದರ್ಗಾಕ್ಕ ಬರ್ರಿ, ಮುಗಸ್ತೀನಿ.”

ಹೇಳಿಬಿಡಪ್ಪ, ಯಾರು ನೋಡ್ತಾರೆ ಅಂತ ಮಲ್ಲಿಕ್ ಗೊಣಗಿದ್ದ. ಅಪ್ಪ ಕೇಳಲಿಲ್ಲ. ಋಷಿಕೇಶ್ ಎದೆಯ ಮೇಲೆ ಕೈಯಿಟ್ಟು ಖಂಡಿತ ಬರ್ತೀನಿ ಅಂದ. ಬರಲಿಲ್ಲ.

ಅಪ್ಪನಿಗೆ ತತ್ವಪದ ಕೊಟ್ಟವರು ಲಿಂಗಸುಗೂರು ಕಡೆಯ ಖಾದರ್‌ಸಾಬ ಅನ್ನುವ ಫಕೀರರು. ಅವರದೊಂದು ಕಟ್ಟಳೆ. ಒಬ್ಬರ ಮುಂದೆ ಎತ್ತಿದ ಪದವನ್ನು ಅವರ ಮುಂದೆಯೇ ಮುಗಿಸಬೇಕು. ಅಲ್ಲಿಯವರೆಗೆ ಬೇರೆ ಪದ ಎತ್ತುವಂತಿಲ್ಲ. ಎಂಟು ತಿಂಗಳು ಬೇಸ್ತವಾರ ಬೇಸ್ತವಾರ ಅಪ್ಪ ದರ್ಗಾದ ಕಟ್ಟೆಯ ಮೇಲೆ ಏಕತಾರಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತು ಬಂದ. ಅವನು ವಿಮಾನ ಹತ್ತಿ ಹೋದ, ನೀನಿನ್ನೂ ಕಾಯ್ತಾ ಕೂತಿದೀಯ ಅಂತ ಮಲ್ಲಿಕ್ ಬೈದರೆ ಅಪ್ಪ ನಗುತ್ತಿದ್ದ.

“ಕಾಯೋದ ನನ್ನ ಕೆಲಸಲ್ಲೇನೋ ತಮ್ಮ.”

ಆಮೇಲೆ ಗಂಟಲಲ್ಲಿ ಗಂಟು. ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದು ಕತ್ತಿನಲ್ಲಿ ಒಂದು ತೂತು ಉಳಿಸಿದರು. ಈಗ ಅಪ್ಪನನ್ನು ಹಿಂದಿನ ಗೇಟಿಗೆ ಹಾಕಿದ್ದಾರೆ. ಅಲ್ಲಿ ಮಾತು ಬೇಕಾಗಿಲ್ಲ. ಲಾರಿ ಬಂದರೆ ಅಡ್ಡ ಕಂಬ ಎತ್ತಬೇಕು, ಇಳಿಸಬೇಕು.

ಮಲ್ಲಿಕ್ ಟೇಪು ಬಿಸಾಡಿ ವೇದಿಕೆ ಹತ್ತಿದ.

“ಸಾರ್, ಇದು ನಮ್ಮಪ್ಪನ ದನಿ.”

ಋಷಿಕೇಶ್ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ. ಗುರುತು ಹತ್ತಿದ್ದೇ ಮುಖ ಅರಳಿತು. ಅಜ್ಜಿಯಿಂದ ಕಲಿತ ಕನ್ನಡದಲ್ಲಿ ಅಂಕಲ್ ಹೇಗಿದ್ದಾರೆ ಅಂತ ಕೇಳಿದ. ಗಂಟಲು ತೆಗೆದಿದಾರೆ, ಮಾತಿಲ್ಲ ಅಂದಾಗ ಅವನ ಕಣ್ಣು ನಿಜಕ್ಕೂ ಒದ್ದೆಯಾಯಿತು. ಅದನ್ನು ನೋಡಿ ಮಲ್ಲಿಕ್‌ಗೆ ಇನ್ನೂ ಉರಿಯಿತು. ನಾಟಕ ಆಡಿದ್ದರೆ ಕಪಾಳಕ್ಕಾದರೂ ಬಿಗಿಯಬಹುದಿತ್ತು.

“ಕೊನೆ ನುಡಿ ಬಾಕಿ ಐತೆ ಸಾರ್. ಬರ್ತೀನಿ ಅಂದಿದ್ರಿ.”

“ಅದು ಮುಗಿಯದೇ ಇರೋದೇ ಬ್ಯೂಟಿ ಅಲ್ವಾ? ಎಲ್ಲಾ ಊರಲ್ಲೂ ಜನ ಅದಕ್ಕೇ ಕಣ್ಣು ಮುಚ್ಚಿ ಕುಣೀತಾರೆ. ಎಂಡ್‌ಲೆಸ್.”

“ಹಿಂದ್ಗಡೆ ಗೇಟಲ್ಲಿದಾರೆ. ನೀವು ಎದ್ರಿಗೆ ಬಂದು ಐದು ನಿಮಿಷ ನಿಂತ್ರೆ ಸಾಕು. ಅವರು ಅವರ ಪಾಡಿಗೆ ಮುಗಿಸ್ಕೊಂತಾರೆ.”

“ಷೋ ಆದ್ಮೇಲೆ. ಪ್ರಾಮಿಸ್.” ಎದೆಯ ಮೇಲೆ ಕೈಯಿಟ್ಟ. ಅದೇ ಕೈ, ಅದೇ ಎದೆ.

ಸೌಂಡ್ ಸಿಸ್ಟಂ ಓನರು ಲೋಕೇಶ್ ಕೆಳಗಿನಿಂದಲೇ ಕೂಗಿದ. “ಏಯ್ ಮಗಾ, ಆರ್ಟಿಸ್ಟ್ ಹತ್ರ ಏನೋ ನಿಂದು ಪಂಚಾಯ್ತಿ? ಎಂಟ್ನೇ ಕ್ಲಾಸ್ ಬಿಟ್ಟೋನು ನೀನು. ವೈರ್ ಸುತ್ತು ಬಾ.”

ಮಲ್ಲಿಕ್ ಇಳಿದ. ಹಾಡು ಮತ್ತೆ ಶುರುವಾಯಿತು. ಅವನಿಗಾದರೂ ಆ ನುಡಿ ಬರುತ್ತಿದ್ದರೆ ಈಗಲೇ ಮೈಕು ಕಿತ್ತುಕೊಂಡು ಹಾಡಿಬಿಡುತ್ತಿದ್ದ. ಬರುತ್ತಿರಲಿಲ್ಲ. ಕಲಿಯೋ ಅಂತ ಅಪ್ಪ ಎಷ್ಟು ಸಲ ಕೂರಿಸಿಕೊಂಡಿದ್ದ. ಭಿಕ್ಷೆ ಬೇಡೋರ ಪದ ನನಗ್ಯಾಕೆ ಅಂತ ಎದ್ದು ಹೋಗಿದ್ದವನು ಇವನೇ.

ಆಗ ಅಪ್ಪ ಕಂಡ. ರಂಗಮಂದಿರದ ಮೆಟ್ಟಿಲ ಸಾಲು ಮುಗಿಯುವಲ್ಲಿ, ಕೆಳಗಿನ ಕಲ್ಲಿನ ಮೇಲೆ ನಿಂತಿದ್ದ. ಸದ್ದು ಹಿಂದಿನ ಗೇಟಿಗೂ ಹೋಗಿರಬೇಕು; ಅದು ಅವನ ಟೀ ಹೊತ್ತು. ಯೂನಿಫಾರ್ಮು, ಕತ್ತಿಗೆ ಬಿಳಿ ಬಟ್ಟೆ. ಬೂಟು ಪಕ್ಕಕ್ಕಿತ್ತು, ಕಾಲುಚೀಲ ಬೂಟಿನೊಳಗೆ. ಕಾದ ಕಲ್ಲಿನ ಮೇಲೆ ಬರಿಗಾಲು.

‘ಒಳಗಿರೋ ಧಣಿಗೆ ಬಾಗಿಲೇ ಇಲ್ಲ.’ ಏಕತಾರಿ ಸುತ್ತಿತು. ಅಪ್ಪ ಕಣ್ಣು ಮುಚ್ಚಿ ತುಟಿ ತೆರೆದ. ಬೇಸು ಗುದ್ದಿತು. ಹಾಡು ತಿರುಗಿಕೊಂಡು ಓಡಿತು. ಅಪ್ಪ ಬಾಯಿ ಮುಚ್ಚಿ ಕಾದ. ಮತ್ತೆ ಆ ಜಾಗ, ಮತ್ತೆ ತುಟಿ, ಮತ್ತೆ ಬೇಸು. ಕಾಲಿಡುವಷ್ಟರಲ್ಲಿ ಮುಂದಕ್ಕೆ ಹೋಗುವ ಬಸ್ಸಿನ ಹಿಂದೆ ನಿಂತವನ ಹಾಗೆ, ಮೂರು ಸಲ.

ಮಲ್ಲಿಕ್ ವೇದಿಕೆಯ ಪಕ್ಕಕ್ಕೆ ಹೋದ. ಎಲ್ಲ ಕೇಬಲ್ಲೂ ಬಂದು ಸೇರುವ ಪೆಟ್ಟಿಗೆಯ ಮುಂದೆ ಕೂತ. ಲ್ಯಾಪ್‌ಟಾಪಿನಿಂದ ಬರುವ ಎರಡಕ್ಕೆ ಹಳದಿ ಟೇಪು ಸುತ್ತಿದ್ದವನು ಅವನೇ. ಏಕತಾರಿ ಸುತ್ತು ಮುಗಿಯುವವರೆಗೆ ಕಾದು ಎರಡನ್ನೂ ಕಿತ್ತ.

ಸದ್ದು ನಿಂತಿತು. ದೂರದಲ್ಲಿ ಮೆಟ್ರೊ ಹೋದದ್ದು ಕೇಳಿಸಿತು.

ಅಪ್ಪನ ತುಟಿ ಅಲ್ಲಾಡತೊಡಗಿತು. ಈ ಸಲ ನಿಲ್ಲಲಿಲ್ಲ. ಕತ್ತಿನ ಬಿಳಿ ಬಟ್ಟೆ ಉಸಿರಿಗೆ ಏಳುತ್ತ ಬೀಳುತ್ತ ಇತ್ತು. ಋಷಿಕೇಶ್ ಹೆಡ್‌ಫೋನು ತೆಗೆದು ತಲೆ ಎತ್ತಿದ. ಸ್ಪೀಕರುಗಳನ್ನು ನೋಡಿದ, ಖಾಲಿ ಮೆಟ್ಟಿಲುಗಳನ್ನು ನೋಡಿದ. ಅವನ ಕಣ್ಣು ಅಪ್ಪನ ಮೇಲಿಂದ ಹಾದು ಜನರೇಟರ್ ಕಡೆಗೆ ಹೋಯಿತು. ಕರೆಂಟ್ ಹೋಯ್ತಾ ಅಂತ ಕೇಳಿದ. ಲೋಕೇಶ್ ತಾಯಿ ಹೆಸರು ಹಿಡಿದು ಬೈಯುತ್ತ, ನಾಳೆಯಿಂದ ಈ ಕಡೆ ತಲೆ ಹಾಕಬೇಡ ಅನ್ನುತ್ತ ಓಡಿ ಬರುತ್ತಿದ್ದ.

ಮಲ್ಲಿಕ್ ಕೇಬಲ್ಲುಗಳನ್ನು ಮುಷ್ಟಿಯಲ್ಲಿ ಹಿಡಿದು ಅಪ್ಪನ ತುಟಿಯನ್ನೇ ನೋಡುತ್ತಿದ್ದ. ಓದಲು ನೋಡಿದ. ಮೊದಲ ಶಬ್ದವೇ ಗೊತ್ತಾಗಲಿಲ್ಲ.

ಅಪ್ಪ ಬಗ್ಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಮೆಟ್ಟಿಲ ಮೇಲೆ ಕೂತು ಅಂಗಾಲು ಒರೆಸಿಕೊಂಡು, ಒಂದೊಂದೇ ಕಾಲುಚೀಲ ಏರಿಸಿ, ಬೂಟಿನ ಲೇಸು ಕಟ್ಟತೊಡಗಿದ.