ನಲವತ್ತೊಂದನೇ ನಂಬರಿನ ಹುಣಸೆ

ಸತ್ತ ಮರಗಳಿಗೆ ನೀರು ಹಾಕುವುದು ಅಕ್ಕುವಿನ ನೌಕರಿ. ನಗಬೇಡಿ, ಇಂಥ ನೌಕರಿಯೂ ಮುಂಬಯಿಯಲ್ಲಿದೆ. ಬೆಳಿಗ್ಗೆ ಏಳಕ್ಕೆ ಟ್ಯಾಂಕರಿಗೆ ಕೊಡ ಹಿಡಿಯಬೇಕು, ನೋಯುವ ಮೊಣಕಾಲಲ್ಲಿ ದಿಬ್ಬ ಹತ್ತಬೇಕು, ಒಣಗಿ ಕಟ್ಟಿಗೆಯಾದ ಬೊಡ್ಡೆಯ ಬುಡಕ್ಕೆ ಸುರಿಯಬೇಕು. ಅಂಥ ಬೊಡ್ಡೆಗಳು ಎಂಬತ್ನಾಲ್ಕು. ಒಂದೊಂದರ ಎದೆಗೂ ನಂಬರಿನ ತಗಡು ಹೊಡೆದಿದ್ದಾರೆ. ಆ ಬೊಡ್ಡೆಗಳಿಗೆ ದಿನಾ ನೀರು. ಅಕ್ಕುವಿನ ಗುಡಿಸಲಿಗೆ ಎರಡು ದಿನಕ್ಕೊಮ್ಮೆ.

ಭಾಂಡುಪಿನ ಹಿಂದೆ, ಬಸ್ಸು ಹೊರಳುವಲ್ಲಿಂದ ಇನ್ನೂ ಅರ್ಧ ತಾಸು ನಡೆದರೆ ಗುಡ್ಡ, ಗುಡ್ಡದ ಮೇಲೆ ಕಾಡು. ಆ ಕಾಡಿನ ಅಂಚನ್ನೇ ಬೋಳಿಸಿ ಬಿಲ್ಡರ್ ಮೂವತ್ತು ಮಾಳಿಗೆಯ ಎರಡು ಟವರ್ ಎಬ್ಬಿಸಿದ. ಹೆಸರು 'ಜಂಗಲ್ ಕ್ರೌನ್'. ಪುಣ್ಯಾತ್ಮ, ಜಂಗಲ್ ಕಿತ್ತುಹಾಕಿ ಕ್ರೌನ್ ಉಳಿಸಿಕೊಂಡ. ಪಾಯ ತೋಡಿದ ವರ್ಷವೇ ಗುಡ್ಡದಿಂದ ಇಳಿಯುತ್ತಿದ್ದ ಝರಿ ನಿಂತಿತು. ಚಿರತೆ ನಾಯಿ ಹುಡುಕಿಕೊಂಡು ಗೇಟಿನವರೆಗೆ ಬರತೊಡಗಿತು. ಕಾಡು ಕಾಣುತ್ತದೆಂದು ಹೆಚ್ಚು ದುಡ್ಡು ಕೊಟ್ಟು ಫ್ಲಾಟ್ ಕೊಂಡವರು, ಬಾಲ್ಕನಿಯಲ್ಲಿ ಒಂದು ಕೋತಿ ಕೂತರೆ ಪೊಲೀಸರಿಗೆ ಫೋನ್ ಮಾಡುತ್ತಾರೆ.

ಅಡ್ಡ ಬಂದ ಮರಗಳನ್ನು ಕಡಿಯಕೂಡದು, ಬೇರು ಸಹಿತ ಕಿತ್ತು ಬೇರೆ ಕಡೆ ನೆಟ್ಟು ಬದುಕಿಸಬೇಕು ಎಂದು ಪರವಾನಗಿಯಲ್ಲಿ ಬರೆದಿತ್ತು. ಸರಿ, ಕ್ರೇನ್ ತಂದು ಕಿತ್ತರು. ಲಾರಿಯಲ್ಲಿ ಹಿಡಿಸಲಿಲ್ಲವೆಂದು ಬೇರು ಕತ್ತರಿಸಿದರು. ಗುಡ್ಡದ ಬುಡದ ಕಲ್ಲುನೆಲದಲ್ಲಿ ಹೂತರು. ನೆಟ್ಟರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಂದೇ ಬೇಸಿಗೆಗೆ ಎಲ್ಲವೂ ಸತ್ತವು. ಕಾಗದದಲ್ಲಿ ಮಾತ್ರ ಬದುಕಿದ್ದವು, ಅದಕ್ಕೇ ದಿನಾ ನೀರು.

"ಯಕ್ಕಾ, ನಾಳಿ ಹನ್ನೊಂದಕ್ಕ ಗಿಡದ ಸಾಹೇಬ್ರು ಬರ್ತಾರ. ಎಲ್ಲಾ ಗಿಡಾ ಹಸರು ಕಾಣಬೇಕು," ಎಂದ ಕೂಲಿಯವರ ಮುಕಾದಮ ಶ್ರೀಶೈಲ. ಅಕ್ಕುವಿನ ಹಾಗೆ ಅವನೂ ಕಲಬುರಗಿ ಕಡೆಯವನೇ. ನಮ್ಮವನು ಎಂಬ ಸಲಿಗೆಯಲ್ಲೇ ಕೂಲಿ ಮುರಿದುಕೊಳ್ಳುತ್ತಿದ್ದ.

"ಸತ್ತದ್ದು ಹ್ಯಾಂಗ ಹಸರಾಗ್ತದೋ ತಮ್ಮಾ? ನನ್ನ ಗಂಡ ಸತ್ತು ಆರು ವರ್ಷಾತು. ಅವಂಗೂ ನೀರ ಹಾಕಿ ನೋಡ್ಲೇನು?"

"ಮಷ್ಕಿರಿ ಬ್ಯಾಡ. ಜಂಗಲ್ದಾಗಿಂದ ಟೊಂಗಿ ಮುರಕೊಂಡು ಬಂದು ತಂತಿಲೆ ಕಟ್ರಿ. ಒಂದು ತಾಸಿನ ಆಟ. ಪಾಸಾತು ಅಂದ್ರ ನಿಮ್ಮ ಇಪ್ಪತ್ತಾರು ಗುಡಸಲಾ ಯಾರೂ ಮುಟ್ಟಂಗಿಲ್ಲ. ಬಿಲ್ಡರ್ ಶೇಠ್ ತಾನೇ ಹೇಳ್ಯಾನ."

ಗುಡಿಸಲು ಎಂದ ಕೂಡಲೇ ಅಕ್ಕು ಅವನ ಕೈಯಿಂದ ತಂತಿಯ ಸುರುಳಿ ತೆಗೆದುಕೊಂಡಳು. ಕಾಡಿನ ಗೋಡೆಗೆ ಅಂಟಿಕೊಂಡು, ಒಂದು ದೊಡ್ಡ ಅತ್ತಿ ಮರದ ಕೆಳಗೆ ಅವಳ ಮನೆ. ಹತ್ತೊಂಬತ್ತು ವರ್ಷದಲ್ಲಿ ಎರಡು ಸಲ ಜೆಸಿಬಿ ಬಂದು ಕೆಡವಿದೆ, ಎರಡು ಸಲವೂ ಅದೇ ತಗಡು ಬಡಿದು ನೆಟ್ಟಗೆ ಮಾಡಿ ಮತ್ತೆ ಎಬ್ಬಿಸಿದ್ದಾಳೆ. ಮೂರನೇ ಸಲಕ್ಕೆ ಅವಳ ಮೈಯಲ್ಲಿ ಕಸುವಿಲ್ಲ.

ಮಾರನೆಯ ದಿನ ಬೆಳಕು ಹರಿಯುತ್ತಲೇ ಎಂಟು ಹೆಂಗಸರು ಕಾಡಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಮುರಿದು ತಂದರು. ಹತ್ತರ ಹೊತ್ತಿಗೆ ಬೊಡ್ಡೆಗಳೆಲ್ಲ ಮದುವಣಗಿತ್ತಿಯರಾದವು.

"ಏ ಸೇವಂತಿ, ಅದು ಹುಣಸಿ. ಬೇವು ಕಟ್ಟೀದಿ," ಎಂದಳು ಅಕ್ಕು, ಪಕ್ಕದ ಗುಡಿಸಲಿನ ಗೆಳತಿಗೆ.

"ಇರ್ಲಿ ಬಿಡ. ಸಾಹೇಬ ಹುಣಸಿ ಕಂಡಿದ್ದು ಸಾಂಬಾರದಾಗ."

ಮರಗಳ ತಪಾಸಣೆ ಮಾಡುವ ಮುನಿಸಿಪಾಲಿಟಿಯ ಸಾಹೇಬ ಜೀಪಿನಿಂದ ಇಳಿದ. ಹೆಸರು ವಿಕ್ರಂ, ಮೈಸೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯ ಸಯನ್‌ನಲ್ಲಿ. ಕನ್ನಡ ಮನೆಯಲ್ಲಿ ಕೇಳಿ ಗೊತ್ತು, ಆಡಿದರೆ ಹಿಂದಿ ಬೆರೆತುಬಿಡುತ್ತದೆ. ಜೀಪಿನ ನೆರಳು ಬಿಟ್ಟು ಬರದೆ ದೂರದಿಂದಲೇ ಎಣಿಸಿದ. ಜೀಪಿನ ಪಕ್ಕದಲ್ಲೇ ಇದ್ದ ನಲವತ್ತೊಂದನೇ ನಂಬರಿಗೆ ಮಾತ್ರ ಕಾಗದ ನೋಡಿ ಹುಬ್ಬು ಗಂಟಿಕ್ಕಿದ.

"ಇದು ಹುಣಸೆ ನಾ? ಪತ್ತಾ... ಎಲೆ ಬೇರೆ ಥರ ಇದೆ."

"ಮುಂಬೈ ಹವಾ ಸಾಹೇಬ್ರ," ಎಂದ ಶ್ರೀಶೈಲ. "ಇಲ್ಲಿಗಿ ಬಂದ್ರ ಎಲ್ಲಾರೂ ಬದಲಾಗ್ತಾರ."

ಸಾಹೇಬ ನಕ್ಕ. ಎಂಬತ್ನಾಲ್ಕೂ ಜೀವಂತ ಎಂದು ಬರೆದು ಸಹಿ ಹಾಕಿದ. "ಗುಡ್. ಈಗ ಫೇಜ್ ಟೂ ಪರ್ಮಿಷನ್ ಆಗುತ್ತೆ."

"ಹಂಗಂದ್ರೇನ್ರಿ ಸಾಹೇಬ್ರ?" ಎಂದು ಕೇಳಿದಳು ಅಕ್ಕು.

ಅವನು ಒಳ್ಳೆಯವನೇ, ಪಾಪ. ಜೀಪಿನ ಮೇಲೆ ನಕಾಶೆ ಹಾಸಿ ಬೆರಳಿಟ್ಟು ತೋರಿಸಿದ. "ಮೂರನೇ ಟವರ್. ಈ ಅತ್ತಿ ಮರದಿಂದ ಜಂಗಲ್ ಗೋಡೆ ತಕ್. ನೂರಾ ಹನ್ನೆರಡು ಮರ ಶಿಫ್ಟ್ ಮಾಡ್ತಾರೆ. ಹಳೇದು ಬದುಕಿದೆ ಅಂತ ನಾನು ಬರೆದರೇನೇ ಅವರಿಗೆ ಹೊಸದು ಸಿಗೋದು. ಅಲ್ಲಿನ ಝೋಪಡಿ ಎಲ್ಲಾ ಸಾಫ್."

ಅಕ್ಕು ಶ್ರೀಶೈಲನ ಮುಖ ನೋಡಿದಳು. ಅವನು ಟ್ಯಾಂಕರ್ ನೋಡುತ್ತಿದ್ದ. ತನ್ನ ಮನೆ ಕೆಡವುವ ಕಾಗದಕ್ಕೆ ಬೆಳಗಿನಿಂದ ತಾನೇ ತಂತಿ ಬಿಗಿದಿದ್ದಳು. ಬೆರಳು ತುಂಬ ರಕ್ತ. ನೇರ ನಲವತ್ತೊಂದರ ಹತ್ತಿರ ಹೋಗಿ ತಂತಿ ಬಿಚ್ಚಿದಳು. ಬೇವಿನ ಟೊಂಗೆ ಸಾಹೇಬನ ಬೂಟಿನ ಮೇಲೆ ಬಿತ್ತು. ಹಿಂದೆ ಉಳಿದದ್ದು ಒಣ ಬೊಡ್ಡೆ.

"ಯೇ ಕ್ಯಾ ಹೈ?" ಸಾಹೇಬನ ಮುಖ ಬಿಳಿಚಿತು. "ಟೊಂಗೆ ಯಾರು ಕಡಿದದ್ದು? ಜಂಗಲ್‌ನದು ಮುಟ್ಟಿದರೆ ಕೇಸ್ ಆಗುತ್ತೆ."

"ಇವ್ರೇ ಸಾಹೇಬ್ರ," ಎಂದ ಶ್ರೀಶೈಲ ಥಟ್ಟನೆ. "ಜಂಗಲ್ ಚೋರಿ ಇವರ ಧಂದಾ. ಬರಕೋರಿ ಹೆಸರಾ."

"ಬರಕೋರಿ," ಎಂದಳು ಅಕ್ಕು. ಜೀಪಿನ ಮುಂದೆಯೇ ಕೂತಳು. "ಹೆಸರು ಅಕ್ಕು. ಗಂಡ ಖಂಡಪ್ಪ. ಏನ್ ಮಾಡ್ಯಾಳ? ಟೊಂಗಿ ಮುರದಾಳ. ಎದಕ್ಕ ಮುರದಾಳ? ಸತ್ತ ಗಿಡಕ್ಕ ಕಟ್ಲಾಕ. ಅದನ್ನೂ ಬರೀರಿ. ಯಾರ ಮಾತ ಕೇಳಿ ಕಟ್ಯಾಳ, ಅದನ್ನೂ."

ಪೆನ್ನು ಹಾಳೆ ಮುಟ್ಟುವ ಮೊದಲೇ ನಿಂತಿತು. ಅವಳ ಕಳ್ಳತನ ಬರೆದರೆ ಮರ ಸತ್ತದ್ದನ್ನೂ ಬರೆಯಬೇಕು. ಅದೇ ಪ್ಯಾಡಿನಲ್ಲಿ, ಕೆಳಗಿನ ಹಾಳೆಯಲ್ಲಿ, ಎಂಬತ್ನಾಲ್ಕೂ ಜೀವಂತ ಎಂದು ಅವನದೇ ಸಹಿ.

"ನನ್ನ ಹೆಸರೂ ಬರೀರಿ," ಎಂದು ಸೇವಂತಿ ಬಂದು ಪಕ್ಕದಲ್ಲಿ ಕೂತಳು. "ನಾ ಹನ್ನೆರಡು ಬೊಡ್ಡಿಗಿ ಕಟ್ಟೀನಿ. ಹುಣಸಿಗಿ ಬೇವು ಕಟ್ಟಿದಾಕಿ ನಾನೇ. ಚುಕ್ ಆಗ್ಯಾದ, ಅದನ್ನ ಮೊದಲ ಬರೀರಿ."

ಉಳಿದ ಆರು ಜನರೂ ತಂತಿ ಬಿಚ್ಚಿದರು. ಟೊಂಗೆಗಳನ್ನು ಎಳೆದು ತಂದು ಜೀಪಿನ ಸುತ್ತ ಒಟ್ಟಿ, ಅದರ ಮೇಲೆಯೇ ಕೂತರು. ಗುಡಿಸಲುಗಳಿಂದ ಮುದುಕರು, ಬಾಣಂತಿಯರು ಎದ್ದು ಬಂದರು. ಶ್ರೀಶೈಲ ಬೈದ, ಆಮೇಲೆ ಯಕ್ಕಾ ಯಕ್ಕಾ ಎಂದ. ಯಾರೂ ಅವನ ಕಡೆ ತಿರುಗಲಿಲ್ಲ.

ಸಾಹೇಬ ಬೆವರು ಒರೆಸಿಕೊಂಡು ಪೆನ್ನು ಜೇಬಿಗೆ ಸಿಕ್ಕಿಸಿದ. "ನಾಳೆ ಬಂದು ನೋಡ್ತೀನಿ. ಈಗ ದಾರಿ ಬಿಡಿ."

"ನಾಳಿಗಿ ಎಲಿ ಬಾಡ್ತಾವ್ರಿ," ಎಂದಳು ಅಕ್ಕು, ಕೂತಲ್ಲಿಂದ ಏಳದೆ. "ಇವತ್ತೇ ಬರೀರಿ."