ವರ್ನಾ ಕುಂಟದ ಆರು ತಿಂಗಳು

ವರ್ನಾಳ ಬಲಮಂಡಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ಹೊಸ ಮಂಡಿ ಹಾಕಿಸದೆ ವಿಧಿಯಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಅವಳ ಊರು ಪೋರ್ಟ್ ಪಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿಗೆ ಹೆಸರು ಬರೆಸುವುದಕ್ಕೇ ಇನ್ನೊಂದು ಸರದಿ. ಖಾಸಗಿ ವಿಮೆಯಾದರೆ ಬೇಗ ಆದೀತೆಂದು ಕಂಪನಿಗೆ ಫೋನ್ ಮಾಡಿದಳು.

"ನಾವು ಯಾರನ್ನೂ ಬೇಡ ಅನ್ನಲ್ಲ ಡಾರ್ಲಿಂಗ್," ಎಂದಳು ಆಚೆಯ ಹುಡುಗಿ. "ಗೋಲ್ಡ್ ಪಾಲಿಸಿ ತಗೊಳ್ಳಿ. ಮಂಡಿ ಮೊದ್ಲೇ ಕೆಟ್ಟಿದ್ರೆ ಮಾತ್ರ ಒಂದು ವರ್ಷ ಕಾಯ್ಬೇಕು. ಸೇರೋಕೆ ಮುಂಚಿನ ಆರು ತಿಂಗಳಲ್ಲಿ ಯಾವ ಲಕ್ಷಣಾನೂ ಇಲ್ದಿದ್ರೆ ಎರಡೇ ತಿಂಗಳು."

ಪಕ್ಕದಲ್ಲಿ ಕಿವಿಗೊಟ್ಟಿದ್ದ ಗಂಡ ಕ್ಲೈವ್ ಫೋನನ್ನು ಕಸಿದು ಇಟ್ಟುಬಿಟ್ಟ. "ಇನ್ನಾರು ತಿಂಗಳು ಕುಂಟಬೇಡ. ಆಮೇಲೆ ಸೇರು."

"ನಾನೇನು ಶೋಕಿಗೆ ಕುಂಟ್ತಿದೀನಾ?"

"ಕುಂಟೋದು ಯಾರ ಕಣ್ಣಿಗೂ ಬೀಳಬಾರದು ಕಣೇ. ಡಾಕ್ಟರ್ ಹತ್ರ ಹೋಗ್ಬೇಡ. ಕ್ಲಬ್ಬಿನ ಬೌಲ್ಸ್ ಆಟ ಮಾತ್ರ ಬಿಡ್ಬೇಡ. ಆಡೋರಿಗೆ ಮಂಡಿನೋವು ಅಂದ್ರೆ ಯಾರು ನಂಬ್ತಾರೆ?"

ವರ್ನಾ ಮನೆಯೊಳಗೆ ಕುಂಟಿದಳು, ಹೊರಗೆ ಹಲ್ಲುಕಚ್ಚಿ ನಡೆದಳು. ಅಂಗಡಿಯಲ್ಲಿ ಒಂದು ಟೀ ಪೊಟ್ಟಣಕ್ಕೂ ಆಸರೆಗೆಂದು ತಳ್ಳುಗಾಡಿ ಹಿಡಿದಳು. ಕ್ಲಬ್ಬಿನ ಹುಲ್ಲಿನ ಮೇಲೆ ಚೆಂಡು ಉರುಳಿಸಲು ಬಗ್ಗಿದವಳು ಒಮ್ಮೆ ಏಳಲಾರದೆ ಅಲ್ಲೇ ಅಂಗಾತ ಮಲಗಿ, ಮೋಡ ತುಂಬಾ ಚೆನ್ನಾಗಿದೆ ಎಂದಳು. ಎಲ್ಲರೂ ತಲೆಯೆತ್ತಿ ಮೋಡ ನೋಡಿದರು. ಆಕಾಶ ಬರಿದಾಗಿತ್ತು.

ಬೌಲ್ಸ್ ತಂಡದ ನಾಯಕಿ ಮೊರೀನ್ ಮಾತ್ರ ಅವಳು ನೆಲಕ್ಕೆ ಮಲಗಿದ್ದಕ್ಕೇ ಬೆರಗಾದಳು. "ನಮ್ಮೆಲ್ಲರ ಮಂಡಿ ಹೋಗಿದೆ, ನಿಂದು ಹದಿನೆಂಟರ ಹುಡುಗೀದು ಕಣೇ! ಇನ್ಮೇಲೆ ಬಗ್ಗಿ ಚೆಂಡು ಹೆಕ್ಕೋ ಕೆಲಸ ನಿಂದೇ."

ಮನೆಗೆ ಬಂದು ಹೆಪ್ಪುಗಟ್ಟಿದ ಬಟಾಣಿ ಚೀಲವನ್ನು ಮಂಡಿಗೆ ಕಟ್ಟಿಕೊಂಡು ಗಂಡನನ್ನು ಬಾಯ್ತುಂಬ ಬೈದಳು.

ಆರು ತಿಂಗಳು ಕಳೆದು ಗೋಲ್ಡ್ ಸೇರಿದಳು. ಮತ್ತೆರಡು ತಿಂಗಳು ಕಳೆದ ಮೇಲೆ, ನಿನ್ನೆ ಮೊನ್ನೆ ದಿಢೀರನೆ ನೋವು ಬಂತೆಂದು ಹೇಳಿ, ಆಪರೇಷನ್ನಿಗೆ ಒಪ್ಪಿಗೆ ಕೇಳಿದಳು. ಕಂಪನಿಯ ಡಾಕ್ಟರೇ ಫೋನ್ ಮಾಡಿದರು.

"ಎಕ್ಸ್‌ರೇ ನೋಡಿದೆ. ಇಷ್ಟು ಸವೆಯೋಕೆ ಹತ್ತು ವರ್ಷನಾದ್ರೂ ಬೇಕು."

ಕ್ಲೈವ್ ಬಾಯಿ ಹಾಕಿದ. "ಇವಳು ಕುಂಟಿದ್ದು ಒಬ್ರೂ ನೋಡಿಲ್ಲ ಸಾರ್! ಇಡೀ ಕ್ಲಬ್ ಸಾಕ್ಷಿ ಹೇಳುತ್ತೆ."

"ಜನ ನೋಡ್ದೇ ಇದ್ರೆ ಮೂಳೆ ಸವೆಯಲ್ವಾ? ಸೇರಿದ ದಿನದಿಂದ ಒಂದು ವರ್ಷ ಕಾಯ್ಲೇಬೇಕು. ಇನ್ನು ಹತ್ತು ತಿಂಗಳು."

ಫೋನ್ ಇಟ್ಟ ಮೇಲೆ ಕ್ಲೈವ್ ಬೆರಳು ಮಡಿಸುತ್ತಾ ಕೂತ.

"ಆವತ್ತೇ ನಿಜ ಹೇಳಿ ಸೇರಿದ್ರೆ ಇವತ್ತಿಗೆ ಎಷ್ಟು ತಿಂಗಳು ಬಾಕಿ ಇರ್ತಿತ್ತು, ಹೇಳು," ಎಂದಳು ವರ್ನಾ.

"ನಾಲ್ಕು," ಎಂದ ಅವನು, ನೆಲ ನೋಡುತ್ತಾ. ಆಮೇಲೆ ತಲೆಯೆತ್ತಿ, "ಇನ್ನೊಂದು ಕಂಪನಿ ಇದೆ..." ಎಂದು ಶುರುಮಾಡಿದ.

ವರ್ನಾ ಎದ್ದು ಬಾಗಿಲು ತೆಗೆದಳು. ಬೀದಿಗಿಳಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಕುಂಟಿದಳು, ಬೇಲಿ ಬೇಲಿ ಹಿಡಿದು, ಹೆಜ್ಜೆಗೊಮ್ಮೆ ಗಟ್ಟಿಯಾಗಿ "ಅಯ್ಯೋ" ಎನ್ನುತ್ತಾ. ಎಂಟು ತಿಂಗಳಲ್ಲಿ ಅವಳಿಗೆ ಇಷ್ಟು ಹಾಯೆನಿಸಿರಲಿಲ್ಲ.

"ಒಳಗೆ ಬಾರೇ, ಜನ ನೋಡ್ತಾರೆ!" ಕ್ಲೈವ್ ಬಾಗಿಲಿಂದ ಪಿಸುಗುಟ್ಟಿದ.

"ನೋಡ್ಲಿ," ಎಂದು ವರ್ನಾ ಇನ್ನೊಂದು ಸುತ್ತಿಗೆ ತಿರುಗಿದಳು.