ಏರಿನಲ್ಲಿ ನಿಂತ ಕಾರು

ಎಂಜಿನ್ ಗಂಟಲು ಹರಿಯುವಂತೆ ಕೂಗುತ್ತಿತ್ತು, ಕಾರು ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಡ್ರೈವರಜ್ಜ ಇನ್ನಷ್ಟು ಒತ್ತಿ ತುಳಿದ. ಸದ್ದು ಏರಿತು, ಮೀಟರಿನ ಮುಳ್ಳು ಹಾರಿತು, ಚಕ್ರಗಳು ಅದು ತಮಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಸುಮ್ಮನಿದ್ದವು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಕಡೆಗೆ ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಅವನು ಗಡಬಡಿಸಿ ಬ್ರೇಕ್ ತುಳಿದು ಹ್ಯಾಂಡ್‌ಬ್ರೇಕ್ ಎಳೆದ.

"ಏನಾಯ್ತಪ್ಪ?" ಪಕ್ಕದಲ್ಲಿ ಕುಳಿತಿದ್ದ ಮಗಳು ಕೇಳಿದಳು. ಅವಳ ತೊಡೆಯ ಮೇಲೆ ಒಂದು ಬಟ್ಟೆಯ ಚೀಲವಿತ್ತು. ಅದರೊಳಗೆ ತನ್ನ ಮಗುವಿಗೆಂದು ಅವಳೇ ಹೊಲಿದ ಹಳದಿ ಫ್ರಾಕು. ಊರವರ ಬಟ್ಟೆಯನ್ನೆಲ್ಲ ಕೂದಲೆಳೆಯಷ್ಟೂ ತಪ್ಪದ ಹಾಗೆ ಹೊಲಿಯುವವಳು, ಇದೊಂದನ್ನು ಅಂದಾಜಿನ ಮೇಲೆ ಹೊಲಿದಿದ್ದಳು.

"ಏನಿಲ್ಲ, ಇರು, ನೋಡ್ತೀನಿ" ಎಂದು ಅಜ್ಜ ಇಳಿದ.

ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕೆಳಗಿನ ತಿರುವಿನಿಂದ ಇಲ್ಲಿಯವರೆಗೆ ಏರುರಸ್ತೆಯ ಉದ್ದಕ್ಕೂ ಕೆಂಪನೆಯ ಗೀರೊಂದು ಬಂದಿತ್ತು, ಗಾಯವಾದ ಪ್ರಾಣಿಯೊಂದು ತೆವಳಿಕೊಂಡು ಬಂದ ಹಾಗೆ. ಕಾರಿನ ಹೊಟ್ಟೆಯಡಿಯಲ್ಲಿ ಅದೇ ಕೆಂಪೆಣ್ಣೆ ಮಡುಗಟ್ಟುತ್ತಿತ್ತು. ಸುಟ್ಟ ವಾಸನೆ ಮೂಗಿಗೆ ಅಡರಿತು.

ಡ್ರೈವರಜ್ಜನ ಆಯುಷ್ಯವೆಲ್ಲ ಬಸ್ಸಿನ ಸ್ಟೀರಿಂಗಿನ ಹಿಂದೆಯೇ ಕಳೆದಿತ್ತು. ಹೆಸರು ಹಿಡಿದು ಕರೆಯುವವರೇ ಊರಲ್ಲಿ ಉಳಿದಿರಲಿಲ್ಲ. ಬಸ್ಸೆಂದರೆ ಅವನಿಗೆ ಕಟ್ಟಿಕೊಂಡ ಹೆಂಡತಿಗಿಂತ ಹೆಚ್ಚು ಗೊತ್ತು ಎಂದು ಹೆಂಡತಿಯೇ ಆಡಿಕೊಳ್ಳುತ್ತಿದ್ದಳು. ಕ್ಲಚ್ಚಿನ ತಟ್ಟೆ ಸವೆದದ್ದು ಪಾದಕ್ಕೆ ತಿಳಿಯುತ್ತಿತ್ತು, ಗೇರಿನ ಹಲ್ಲು ಮುರಿಯುವ ಮುಂಚೆ ಅಂಗೈಗೆ ಸುದ್ದಿ ಮುಟ್ಟುತ್ತಿತ್ತು. ಆಮೇಲೆ ಮಂಡಿ ಕೈಕೊಟ್ಟಿತು. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಈ ಹಳೆಯ ಕಾರು ಬಂದಿತು. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಹೊರಡುವ ಮುನ್ನ ಗ್ಯಾರೇಜಿನಲ್ಲಿ ತೋರಿಸಿಕೊಂಡೂ ಬಂದಿದ್ದ. ಎಲ್ಲ ಸರಿಯಿದೆ ಎಂದಿದ್ದರು. ಸರಿಯಾಗಿಯೇ ಇತ್ತು ಕೂಡ, ಈ ಏರಿನವರೆಗೆ. ಈಗ ಬೈಯೋಣವೆಂದರೆ ಒಬ್ಬರೂ ಕೈಗೆ ಸಿಗುವಂತಿರಲಿಲ್ಲ.

ಮಗಳು ಇಳಿದು ಬಂದು ಕೆಂಪು ಗೀರನ್ನೇ ನೋಡುತ್ತ ನಿಂತಳು. "ಐದು ಗಂಟೆಗೆ ಬಾಗಿಲು ಹಾಕಿಬಿಡ್ತಾರಪ್ಪ" ಎಂದಳು. ಅವನಿಗೆ ಗೊತ್ತಿಲ್ಲದ ಮಾತೇನಲ್ಲ.

ಅವಳು ಕಾಯಿಲೆ ಬಿದ್ದು ಬಹಳ ಕಾಲ ಆಸ್ಪತ್ರೆಯಲ್ಲಿದ್ದಾಗ ಮಗು ತಂದೆಯ ಊರು ಸೇರಿತ್ತು. ಇವಳು ಎದ್ದು ಓಡಾಡುವ ಹೊತ್ತಿಗೆ ಗಂಡ ಹೆಂಡತಿ ನಡುವೆ ಮಾತು ಮುಗಿದಿತ್ತು. ಮಗುವಿಗೆ ಆ ಮನೆ, ಆ ಶಾಲೆ ಒಗ್ಗಿದೆ, ಅಲ್ಲೇ ಇರಲಿ, ತಾಯಿ ತಿಂಗಳಿಗೊಮ್ಮೆ ಬಂದು ನೋಡಲಿ ಎಂದು ನ್ಯಾಯಾಲಯ ಹೇಳಿತು. ಅದಕ್ಕೆಂದು ಪಟ್ಟಣದ ಕೋರ್ಟಿನಲ್ಲೇ ಒಂದು ಕೋಣೆ, ಗೋಡೆಗೆ ಬಣ್ಣಬಣ್ಣದ ಆನೆ, ಮೂಲೆಯಲ್ಲಿ ಯಾರ್‍ಯಾರೋ ಆಡಿಬಿಟ್ಟ ಆಟಿಕೆ. ಅಲ್ಲಿ ಮಗು ನೇರ ಅಜ್ಜನ ತೊಡೆಗೆ ಬಂದು ಕೂರುತ್ತಿತ್ತು. ಅಜ್ಜ ಬಾಯಲ್ಲೇ ಬಸ್ಸು ಓಡಿಸುತ್ತಿದ್ದ, ಅದು ಟಿಕೆಟ್ ಹರಿಯುತ್ತಿತ್ತು. ತಾಯಿಯ ಹತ್ತಿರ ಮಾತ್ರ ಅದಕ್ಕೆ ಸಂಕೋಚ. ನೆಂಟರ ಮನೆಯ ಹೆಂಗಸನ್ನು ನೋಡುವ ಹಾಗೆ ಓರೆಗಣ್ಣಲ್ಲಿ ನೋಡಿ ಅಜ್ಜನ ಅಂಗಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ಹೋದ ಸಲ ಹೊರಡುವಾಗ ತಾನಾಗಿ ತಾಯಿಯ ಜಡೆ ಮುಟ್ಟಿ ನೋಡಿ, "ಮತ್ತೆ ಬರ್ತೀಯಾ?" ಎಂದು ಕೇಳಿತ್ತು. ಆ ಒಂದು ಮಾತನ್ನು ಕಟ್ಟಿಕೊಂಡು ಅವಳು ಇಡೀ ತಿಂಗಳು ದೂಡಿದ್ದಳು.

ಅಜ್ಜ ರಸ್ತೆಗೆ ಅಡ್ಡವೆಂಬಷ್ಟು ಹತ್ತಿರ ನಿಂತು ಕೈ ಬೀಸಿದ. ಕಾರುಗಳು ಸೊಯ್ಯೆಂದು ಹಾದುಹೋದವು. ಒಂದು ನಿಂತಿತು. ಅದರೊಳಗೆ ಜನ, ಸಾಮಾನು, ಒಂದು ನಾಯಿ, ಕಾಲಿಡಲು ತಾವಿಲ್ಲ. "ಕ್ಷಮಿಸಿ ಅಂಕಲ್" ಎಂದು ಅವರೇ ಮುಖ ಸಣ್ಣದು ಮಾಡಿಕೊಂಡು ಹೋದರು. ಸ್ಕೂಟರಿನವನೊಬ್ಬ ಮಾತ್ರ, ಇಳಿಜಾರಿನ ಬುಡದಲ್ಲಿ ಟ್ರ್ಯಾಕ್ಟರ್ ರಿಪೇರಿಯವನಿದ್ದಾನೆ, ಹೇಳಿ ಕಳಿಸುತ್ತೇನೆ ಎಂದು ಹೋದ. ಹೇಳಿದಂತೆ ಕಳಿಸಿಯೂ ಕಳಿಸಿದ.

ಮೆಕ್ಯಾನಿಕ್ ಟ್ರ್ಯಾಕ್ಟರಿನಲ್ಲೇ ಬಂದ. ಅಂಗಿಯ ತೋಳು ಮಡಚಿದ ದಪ್ಪ ಮನುಷ್ಯ. ಗೋಣಿಚೀಲ ಹಾಸಿ ಕಾರಿನಡಿಗೆ ನುಸುಳಿದವನು ಅಲ್ಲಿಂದಲೇ ಮಾತಾಡಿದ.

"ಗೇರ್‌ಬಾಕ್ಸಿಂದ ರೇಡಿಯೇಟರಿಗೆ ಎಣ್ಣೆ ಹೋಗೋ ಪೈಪು ಅಜ್ಜ. ತುಕ್ಕು ತಿಂದು ಒಡೆದಿದೆ. ಮೇಲೆ ತಗಡು ಮುಚ್ಚಿದೆ ನೋಡಿ, ಯಾರ ಕಣ್ಣಿಗೂ ಬೀಳಲ್ಲ."

"ಪೈಪು ತಾನೆ? ಕಟ್ಟಿದ್ರಾಯ್ತು."

"ಕಟ್ಟಬಹುದು. ಆದ್ರೆ ಈ ಕಾರಿಗೆ ಎಣ್ಣೆನೇ ಎಲ್ಲ. ಎಣ್ಣೆ ಒತ್ತಿದ್ರೇ ಗೇರು ಹಿಡಿಯೋದು. ಬತ್ತಿದ ಮೇಲೂ ಓಡಿಸಿದ್ರಾ?"

ಓಡಿಸಿದ್ದ. ಏರಿನಲ್ಲಿ ಎಳೆತ ಕಡಿಮೆಯಾದಾಗ, ಮುದಿ ಎತ್ತಿಗೆ ಗದರಿದಂತೆ ಇನ್ನಷ್ಟು ತುಳಿದಿದ್ದ. ಬಸ್ಸಾಗಿದ್ದರೆ ಅದೇ ಸರಿ.

ಮೆಕ್ಯಾನಿಕ್ ಒಡೆದ ತುಂಡನ್ನು ಗರಗಸದಲ್ಲಿ ಕತ್ತರಿಸಿ, ನಡುವೆ ರಬ್ಬರ್ ಪೈಪು ತುರುಕಿ, ಎರಡೂ ಕಡೆ ಕ್ಲಿಪ್ ಹಾಕಿ ಬಿಗಿದ. ಟ್ರ್ಯಾಕ್ಟರಿನ ಸ್ಟೀರಿಂಗಿಗೂ ಇಂಥದ್ದೇ ಕೆಂಪೆಣ್ಣೆ ಹಾಕುವುದೆಂದು ಒಂದು ಡಬ್ಬಿ ತಂದಿದ್ದ. ಅಜ್ಜ ಟಾರ್ಚು ಹಿಡಿದ, ಮಗಳು ಕಾಗದವನ್ನು ಸುತ್ತಿ ಆಲಿಕೆ ಮಾಡಿ ಹಿಡಿದಳು, ಅವನು ಹನಿಯೂ ಚೆಲ್ಲದಂತೆ ಸುರಿದ.

ಕಾರು ಹೊರಟಿತು. ಒಮ್ಮೆ ಜಗ್ಗಿ, ಕೆಮ್ಮಿ, ಸಲೀಸಾಗಿ ಏರಿತು. ಓಡಿ ಬಂದು ಹತ್ತಿಕೊಂಡಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ, ಅಜ್ಜನೂ ನಕ್ಕ. "ಬಿಟ್ಟೆ ನೋಡು ಬಸ್ಸು!" ಎಂದ.

ಮುಂದಿನ ತಿರುವಿನಲ್ಲಿ ಸದ್ದು ಮತ್ತೆ ಮೇಲಕ್ಕೆದ್ದಿತು. ವೇಗ ಇಳಿಯಿತು. ಕರಕಲು ವಾಸನೆ. ಅವನು ಈ ಸಲ ತುಳಿಯಲಿಲ್ಲ, ಕಾಲನ್ನು ಮೆತ್ತಗೆ ಎತ್ತಿದ, ಬೇಡಿಕೊಳ್ಳುವವನಂತೆ. ಕಾರು ಅಂಚಿಗೆ ಸರಿದು ನಿಂತುಬಿಟ್ಟಿತು.

ಹಿಂದೆಯೇ ಬಂದ ಮೆಕ್ಯಾನಿಕ್ ಗೇರನ್ನು ಎರಡು ಸಲ ಆಡಿಸಿ ನೋಡಿ ಕೈ ಒರೆಸಿಕೊಂಡ. "ಒಳಗೇ ಸುಟ್ಟಿದೆ. ಇನ್ನು ಇಲ್ಲಿ ಬ್ರಹ್ಮ ಬಂದ್ರೂ ಆಗಲ್ಲ. ಎಳ್ಕೊಂಡು ಹೋಗಬೇಕು ಅಷ್ಟೆ. ಇಂಥ ಕಾರನ್ನ ಹಗ್ಗ ಹಾಕಿ ಎಳೀಬಾರದು, ಆದ್ರೆ ಕೆಡೋದಕ್ಕೆ ಇನ್ನೇನು ಉಳಿದಿದೆ?"

ಮಗಳು ಫೋನು ಹಿಡಿದು ರಸ್ತೆಯ ಆ ಬದಿಗೆ ಹೋದಳು. ಹಳೆಯ ಅಳಿಯ ಕೆಟ್ಟವನಲ್ಲ, ಆ ಕಷ್ಟ ಬೇರೆ. ಕೆಟ್ಟವನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ನಾವು ಆಗಲೇ ಬಂದು ಕೂತಿದ್ದೀವಿ" ಎಂದ. "ಐದರವರೆಗೆ ಇರ್ತೀವಿ. ಆಮೇಲೆ ಅವರೇ ಎಬ್ಬಿಸ್ತಾರೆ, ನಾನೇನು ಮಾಡ್ಲಿ? ಮಗು ಜೊತೆ ಮಾತಾಡ್ತೀಯಾ?"

ಮಗು ತಾಯಿಯ ಜೊತೆ ಮಾತಾಡಲಿಲ್ಲ. ಉಸಿರು ಮಾತ್ರ ಕೇಳಿಸಿತು. ಅವಳು "ಪುಟ್ಟೀ, ಪುಟ್ಟೀ" ಎಂದು ಮತ್ತೆ ಮತ್ತೆ ಕರೆದು ಸೋತು ಫೋನನ್ನು ಅಪ್ಪನ ಕೈಗೆ ಕೊಟ್ಟಳು.

"ಅಜ್ಜಾ, ಎಲ್ಲಿದೀಯಾ?"

"ದಾರಿಯಲ್ಲಿದೀನಿ ಕಂದ. ಕಾರು ಕೆಟ್ಟೋಯ್ತು."

"ಬಸ್ಸು ತಗೊಂಡು ಬಾ."

"ಬಸ್ಸು ಕೊಟ್ಟುಬಿಟ್ನಲ್ಲಮ್ಮ."

"ಯಾಕೆ ಕೊಟ್ಟೆ?"

ಲೈನು ಅಷ್ಟರಲ್ಲಿ ಕಡಿದುಹೋಯಿತು. ಅಜ್ಜ ಫೋನನ್ನು ಮಗಳ ಕೈಗೆ ಮರಳಿಸಿದ.

ಹಾಲಿನ ವ್ಯಾನೊಂದು ಏರನ್ನು ಏದುಸಿರು ಬಿಡುತ್ತ ಹತ್ತಿಬಂದದ್ದು ಆಮೇಲೆ. ಮೆಕ್ಯಾನಿಕ್ಕಿಗೆ ಗುರುತಿನವನೇ ಇರಬೇಕು, ಹೆಸರು ಕೂಗಿ ನಿಲ್ಲಿಸಿದ. ಪಟ್ಟಣದವರೆಗೆ ಹೋಗುತ್ತದೆ. ಮುಂದೆ ಚಾಲಕನ ಜೊತೆ ಇನ್ನೊಬ್ಬ ಕುಳಿತಿದ್ದ. "ಒಬ್ಬರು ಹೇಗಾದ್ರೂ ಕೂರಬಹುದು, ಇಬ್ಬರಿಗಾಗಲ್ಲ" ಎಂದ ಚಾಲಕ.

"ಹತ್ತು" ಎಂದ ಅಜ್ಜ.

"ನೀನು ಹೋಗಪ್ಪ."

"ತಲೆ ಕೆಟ್ಟಿದೆಯಾ ನಿಂಗೆ?"

"ನೀನಿಲ್ದೇ ಅವಳು ನನ್ನ ಹತ್ರ ಬರಲ್ಲಪ್ಪ. ಬಾಗಿಲಲ್ಲಿ ನನ್ನನ್ನ ನೋಡ್ತಾಳೆ, ಹಿಂದೆ ನೀನಿಲ್ಲ ಅಂದ್ರೆ..." ಅವಳು ವ್ಯಾನಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ನಾನು ಹೋಗಿ ಏನು ಮಾಡ್ಲಿ? ನೀನಾದ್ರೆ ಆಡಿಸ್ತೀಯ. ನೀನೇ ಹೋಗು."

ತಾಯಿ ನೋಡುವುದು ಹೋಗಿ ಅಜ್ಜ ನೋಡಿ ಬರುವುದೇ? ಹೋಗಬೇಡ ಎನ್ನಲೂ ಬಾಯಿಲ್ಲ, ಹೋಗು ಎಂದರೆ ಆ ಕೋಣೆಯಲ್ಲಿ ಅವಳೊಬ್ಬಳೇ ನಿಂತಿರುವುದು ಕಣ್ಣಿಗೆ ಕಟ್ಟುತ್ತದೆ. ವ್ಯಾನಿನ ಚಾಲಕ ಹಾರ್ನ್ ಒತ್ತಿದ. ಅಜ್ಜ ಮಗಳ ತೋಳು ಹಿಡಿದು, ಬಸ್ಸಿಗೆ ಮುದುಕಿಯರನ್ನು ಹತ್ತಿಸುತ್ತಿದ್ದವನ ಹಾಗೆ, ಮೇಲಕ್ಕೆ ದೂಡಿದ. ಫ್ರಾಕಿನ ಚೀಲವನ್ನು ಅವಳ ತೊಡೆಯ ಮೇಲಿಟ್ಟು ಬಾಗಿಲನ್ನೂ ತಾನೇ ಎಳೆದು ಹಾಕಿದ.

"ನಾನು ಬರ್ತಿದೀನಿ ಅಂತ ಹೇಳು. ಹಿಂದೇನೇ ಬರ್ತಿದೀನಿ ಅನ್ನು" ಎಂದು ಕೂಗಿದ.

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅವನು ಬಹಳ ಹೊತ್ತು ಕಲ್ಲಿನ ಮೇಲೆ ಕುಳಿತಿದ್ದ. ಮಂಡಿ ಸೆಳೆಯುತ್ತಿತ್ತು. ಮೆಕ್ಯಾನಿಕ್ ಕೆಳಗೆ ಹೋಗಿ ದಪ್ಪ ಹಗ್ಗ ತಂದ. ಟ್ರ್ಯಾಕ್ಟರಿಗೂ ಕಾರಿಗೂ ಗಂಟು ಬಿಗಿದು, "ನೀವು ಸುಮ್ನೆ ಸ್ಟೀರಿಂಗ್ ಹಿಡ್ಕೊಂಡಿರಿ ಅಜ್ಜ. ಬ್ರೇಕ್ ಗಟ್ಟಿಯಾಗಿರುತ್ತೆ, ಜೋರಾಗಿ ತುಳೀಬೇಕು. ಇಳಿಜಾರಿನಲ್ಲಿ ನನ್ನ ಮೇಲೆ ಬರಬೇಡಿ" ಎಂದ.

ಒಂದೂರಿನ ಜನವನ್ನೆಲ್ಲ ಬೆನ್ನಿಗೆ ಕೂರಿಸಿಕೊಂಡು ಓಡಾಡಿದವನು ಇನ್ನೊಬ್ಬರ ಹಗ್ಗದ ತುದಿಯಲ್ಲಿ ಇಳಿಯತೊಡಗಿದ. ಎಂಜಿನ್ ಆರಿಸಿದ ಕಾರಿನಲ್ಲಿ ಸ್ಟೀರಿಂಗು ಕಲ್ಲಾಗಿತ್ತು. ಎರಡೂ ಕೈಯಲ್ಲಿ ತೂಗಿ ತಿರುಗಿಸಬೇಕು. ಹಗ್ಗ ಸಡಿಲವಾದರೆ ಬ್ರೇಕಿನ ಮೇಲೆ ನಿಂತಂತೆ ತುಳಿಯಬೇಕು. ಹೊರಗಡೆ ಬಿಸಿಲು ಹಳದಿಗೆ ತಿರುಗಿತ್ತು. ಆಗ ಅವನ ಫೋನು ಬಡಿದುಕೊಂಡಿತು. ಪಕ್ಕದ ಸೀಟಿನ ಮೇಲೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಅದರ ಪರದೆಯಲ್ಲಿ ಮಗಳ ಮುಖ ಬೆಳಗುತ್ತ ಆರುತ್ತ ಇತ್ತು. ಎದುರಿಗೆ ತಿರುವು. ಕೈ ಬಿಡುವ ಹಾಗಿಲ್ಲ. "ತಡಿಯೇ, ತಡಿಯೇ" ಎಂದು ಅವನು ಗಟ್ಟಿಯಾಗಿ ಹೇಳಿದ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಇನ್ನೊಮ್ಮೆ ಬಡಿದು ಮತ್ತೆ ಸುಮ್ಮನಾಯಿತು.

ಬುಡ ಮುಟ್ಟಿ, ಟ್ರ್ಯಾಕ್ಟರುಗಳ ನಡುವಿನ ಸಪಾಟು ಅಂಗಳದಲ್ಲಿ ಕಾರು ನಿಂತಾಗ ಅವನ ಬೆರಳುಗಳು ಮಡಚಿದಂತೆಯೇ ಇದ್ದವು. ಹಾಗೆಯೇ ಫೋನು ಒತ್ತಿದ.

"ಸಿಕ್ಕಿದ್ಳೇನೇ?"

"ಸಿಕ್ಕಿದ್ಳಪ್ಪ." ಅವಳ ಹಿಂದೆ ಗಾಡಿಗಳ ಸದ್ದು. "ಬಾಗಿಲು ಹಾಕಿಬಿಟ್ಟಿದ್ರು. ಗೇಟಿನ ಹತ್ರ ಸಿಕ್ಕಿದ್ಳು. ಅವಳ ಅಪ್ಪ ಸ್ವಲ್ಪ ಹೊತ್ತು ನಿಂತ್ರು ಪಾಪ."

"ಬಂದ್ಳಾ ನಿನ್ನ ಹತ್ರ?"

"ಅಜ್ಜ ಎಲ್ಲಿ ಅಂದ್ಳು. ಹಿಂದೆ ಬರ್ತಿದಾರೆ ಅಂದೆ. ಅಷ್ಟೇನೇ. ಆಮೇಲೆ ನನ್ನ ಕೈ ಹಿಡ್ಕೊಂಡು ರಸ್ತೆ ಕಡೆ ನೋಡ್ತಾ ನಿಂತಿದ್ಳು, ಹೊರಡೋವರೆಗೂ."

"ಕೈ ಹಿಡ್ಕೊಂಡ್ಳಾ?"

"ಹೂಂ." ಅವಳು ಹೇಳಿದಳು, "ಒಂದೊಂದು ಕಾರು ಬಂದಾಗ್ಲೂ ಇದಾ, ಇದಾ ಅಂತ ಕೇಳ್ತಿದ್ಳಪ್ಪ."

ಮೆಕ್ಯಾನಿಕ್ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಹೆಗಲಿಗೇರಿಸಿದ್ದ. ಕಿಟಕಿಯ ಹತ್ತಿರ ಬಗ್ಗಿ, "ಇಳೀರಿ ಅಜ್ಜ, ಸಪಾಟು ನೆಲ. ಎಲ್ಲೂ ಹೋಗಲ್ಲ ಅದು" ಎಂದ. ಅಜ್ಜ ತಲೆಯಾಡಿಸಿದ. ಅವನ ಕಾಲು ಮಾತ್ರ ಬ್ರೇಕಿನ ಮೇಲೆ ಗಟ್ಟಿಯಾಗಿ ಊರಿಯೇ ಇತ್ತು.